ಕಾರಿಗೆ ಯಾವ ಕವರ್? ನಾಲ್ಕು ಹಾಕಿ ನೋಡಿದೆ, ಹಾಕದೆಯೂ ನೋಡಿದೆ

ಪೇಂಟ್ ಹೇಗಿದೆ ಅಂತ ನೋಡಬೇಕಾದರೆ ಹಗಲಲ್ಲಿ ನೋಡಬೇಡಿ. ರಾತ್ರಿ ಮೊಬೈಲ್ ಟಾರ್ಚನ್ನು ಬಾನೆಟ್ ಮೇಲೆ ಓರೆಯಾಗಿ ಹಿಡಿಯಿರಿ. ನಮ್ಮ ಕಡು ನೀಲಿ ಸ್ವಿಫ್ಟ್ ಮೇಲೆ ಹಾಗೆ ಹಿಡಿದಾಗ ಬೆಳಕಿನ ಸುತ್ತ ಜೇಡರ ಬಲೆ ನೇಯ್ದ ಹಾಗೆ ಸಣ್ಣ ಸಣ್ಣ ಗೀರು ಕಂಡವು. ಕಾರಿಗೆ ಆಗ ಇನ್ನೂ ಒಂದೂವರೆ ವರ್ಷ. ತಂದ ದಿನದಿಂದ ಒಂದು ರಾತ್ರಿಯೂ ಕವರ್ ಇಲ್ಲದೆ ನಿಲ್ಲಿಸಿರಲಿಲ್ಲ. ಹೊಟ್ಟೆ ಉರಿಯಿತು.

ಅಲ್ಲಿಂದ ಎರಡು ವರ್ಷದಲ್ಲಿ ಬೇರೆ ಬೇರೆ ಕವರ್ ಹಾಕಿ ನೋಡಿದ್ದೇನೆ, ಮೂರು ತಿಂಗಳು ಏನೂ ಹಾಕದೆಯೂ ನೋಡಿದ್ದೇನೆ. ಮೊದಲು ಕಾರು ನಿಲ್ಲುವ ಜಾಗ ಹೇಳಿಬಿಡುತ್ತೇನೆ, ಅದು ಗೊತ್ತಿಲ್ಲದೆ ಯಾರು ಯಾವ ಕವರ್ ಹೊಗಳಿದರೂ ಪ್ರಯೋಜನ ಇಲ್ಲ. ಬೆಂಗಳೂರು, ಮನೆ ಮುಂದಿನ ರಸ್ತೆ, ಮೇಲೆ ಹೊಂಗೆ ಮರ. ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಗಾಳಿ ಬೀಸಿದರೆ ಅಲ್ಲಿನ ಎಂ-ಸ್ಯಾಂಡ್ ಪುಡಿ ನೇರ ನಮ್ಮ ಕಾರಿನ ಮೇಲೆ. ಕಲ್ಲು ಒಡೆದು ಮಾಡಿದ ಮರಳು ಅದು, ಕಣಗಳಿಗೆ ಚೂಪಾದ ಮೂಲೆ ಇರುತ್ತದೆ. ಬಣ್ಣದ ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್ ಅಷ್ಟೇ. ನಮ್ಮ ತಲೆಗೂದಲೇ ಅದಕ್ಕಿಂತ ದಪ್ಪ. ಕವರ್ ಬಟ್ಟೆ ಎಷ್ಟೇ ಮೆತ್ತಗಿರಲಿ, ನಡುವೆ ಆ ಪುಡಿ ಸಿಕ್ಕಿಕೊಂಡರೆ ಅದು ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ.

ಮೊದಲ ದಿನದಿಂದ ಇದ್ದದ್ದು ಬೆಳ್ಳಿ ಬಣ್ಣದ ತೆಳು ಕವರ್, ರಸ್ತೆ ಬದಿಯಲ್ಲಿ ನೇತು ಹಾಕಿ ಮಾರುತ್ತಾರಲ್ಲ, ಅದೇ. 700 ರೂಪಾಯಿ ಕೊಟ್ಟಿದ್ದೆ. ಮಡಿಸಿದರೆ ಒಂದು ಕೈಚೀಲದಲ್ಲಿ ಹಿಡಿಯುತ್ತದೆ, ನೆನೆದರೂ ಅರ್ಧ ಗಂಟೆ ಬಿಸಿಲಿಗೆ ಒಣಗುತ್ತದೆ. ಒಳ್ಳೆಯದು ಅಲ್ಲಿಗೆ ಮುಗಿಯಿತು. ಒಳಗಡೆ ಯಾವ ಮೆತ್ತನೆಯ ಪದರವೂ ಇಲ್ಲ. ತೂಕ ಇಲ್ಲದ್ದರಿಂದ ಆಷಾಢದ ಗಾಳಿಗೆ ರಾತ್ರಿಯೆಲ್ಲ ಪಟಪಟ ಬಡಿಯುತ್ತದೆ. ಆ ಸದ್ದು ಮಲಗುವ ಕೋಣೆಗೆ ಕೇಳಿಸುತ್ತಿತ್ತು, ಆದರೆ ಅದು ಪೇಂಟ್ ಉಜ್ಜುವ ಸದ್ದು ಅಂತ ಆಗ ಹೊಳೆಯಲಿಲ್ಲ. ಗೀರು ಎಲ್ಲೆಲ್ಲಿ ಜಾಸ್ತಿ ಇತ್ತು ಅಂತ ಆಮೇಲೆ ಕೂತು ನೋಡಿದೆ. ಬಾನೆಟ್‌ನ ಎರಡು ಮೂಲೆ, ರೂಫ್ ಅಂಚು, ಬಾಗಿಲ ಕನ್ನಡಿಯ ಬೆನ್ನು, ಎಲಾಸ್ಟಿಕ್ ಕೂರುವ ಬಂಪರ್‌ನ ಕೆಳಭಾಗ. ಅಂದರೆ ಬಟ್ಟೆ ಎಲ್ಲೆಲ್ಲಿ ಬಿಗಿಯಾಗಿ ತಾಗಿ ಅಲ್ಲಾಡುತ್ತದೋ ಅಲ್ಲೇ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮೇಲಿನ ಬೆಳ್ಳಿ ಲೇಪ ಪುಡಿಪುಡಿಯಾಗಿ ಉದುರಿ ಕೈಗೂ ಕಾರಿಗೂ ಅಂಟತೊಡಗಿತು. ಇದನ್ನು ಯಾರಿಗೂ ತಗೊಳ್ಳಿ ಅನ್ನಲಾರೆ.

ಆಮೇಲೆ ಮಳೆಗೆ ಹೆದರಿ ದಪ್ಪ ಪ್ಲಾಸ್ಟಿಕ್ ಲೇಪದ ಕವರ್ ತಂದೆ, 1,800 ರೂಪಾಯಿ. ಮಳೆ ನೀರು ಒಂದು ಹನಿ ಒಳಗೆ ಬರುವುದಿಲ್ಲ, ಅದು ನಿಜ. ಆದರೆ ಒಳಗಿನ ತೇವವೂ ಹೊರಗೆ ಹೋಗುವುದಿಲ್ಲ. ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದಿತ್ತು, ಐದನೇ ದಿನ ಕವರ್ ಎತ್ತಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಗ್ಗಲು ವಾಸನೆ ಬೇರೆ. ಅದಕ್ಕೆ ಹತ್ತು ದಿನ ಮುಂಚೆ ಒಂದು ಆಟೋ ತಾಗಿ ಮುಂದಿನ ಬಂಪರ್‌ಗೆ ಪೇಂಟ್ ಮಾಡಿಸಿದ್ದೆ. ಆ ಹೊಸ ಪೇಂಟ್ ಮೇಲೆ ಮಾತ್ರ ಹಾಲು ಚೆಲ್ಲಿ ಒಣಗಿದಂತೆ ಬಿಳಿ ಬಿಳಿ ಮಚ್ಚೆ. ಗ್ಯಾರೇಜಿನವರು ಬೆರಳಿಟ್ಟು ನೋಡಿ, "ಸಾರ್, ಹೊಸ ಪೇಂಟ್ ಮೇಲಕ್ಕೆ ಒಣಗಿರುತ್ತೆ, ಒಳಗೆ ಇನ್ನೂ ಹಸಿ. ಒಂದು ತಿಂಗಳು ಯಾವ ಕವರೂ ಬೇಡ," ಅಂದರು. ಪೇಂಟಿನೊಳಗಿನ ಥಿನ್ನರ್ ಆವಿಯಾಗಿ ಹೊರಗೆ ಹೋಗಬೇಕು, ಮುಚ್ಚಿದರೆ ಅದಕ್ಕೆ ದಾರಿ ಇರುವುದಿಲ್ಲ. ಒಂದು ವಾರ ಬಿಸಿಲಿಗೆ ನಿಲ್ಲಿಸಿದ ಮೇಲೆ ಮಚ್ಚೆ ಸ್ವಲ್ಪ ಮಾಸಿತು, ಪೂರ್ತಿ ಹೋಗಲಿಲ್ಲ. ಇನ್ನೊಂದು ವಿಷಯ, ಬಂದ ತಕ್ಷಣ ಬಿಸಿ ಸೈಲೆನ್ಸರ್ ಮೇಲೆ ಇಂಥ ಕವರ್ ಎಳೆಯಬೇಡಿ, ನಮ್ಮದು ಆ ಜಾಗದಲ್ಲಿ ಕರಗಿ ಮುದುರಿಕೊಂಡಿತು. ಈಗ ಅದು ಊರಲ್ಲಿ ಸೌದೆ ಮೇಲೆ ಹೊದಿಸಿದ್ದಾರೆ, ಅಲ್ಲಿಗೆ ಚೆನ್ನಾಗಿದೆ.

ಮೂರನೆಯದೇ ನನಗೆ ಹಿಡಿಸಿದ್ದು. ಮೂರು ಪದರದ್ದು, ಹೊರಗೆ ಒರಟು, ಒಳಗೆ ಮಕ್ಕಳ ಸ್ವೆಟರ್ ಹಾಗೆ ಮೆತ್ತಗೆ, ಮಳೆ ತಡೆದರೂ ಆವಿಯನ್ನು ಹೊರಗೆ ಬಿಡುತ್ತದೆ. 3,400 ರೂಪಾಯಿ. ಕನ್ನಡಿಗೆ ಬೇರೆ ಜೇಬು ಇದೆ, ಕಾರಿನ ಹೊಟ್ಟೆ ಕೆಳಗೆ ಕಟ್ಟಲು ಎರಡು ಬೆಲ್ಟ್ ಇದೆ. ಬೆಲ್ಟ್ ಬಿಗಿದರೆ ಆಷಾಢದಲ್ಲೂ ಅಲ್ಲಾಡುವುದಿಲ್ಲ. ಬಕಲ್ ಪ್ಲಾಸ್ಟಿಕ್ಕಿನದು, ಆದರೂ ಎಳೆಯುವಾಗ ಬಾಗಿಲಿಗೆ ಟಕ್ ಅಂತ ಬಡಿಯಿತು ಅಂತ ಅದಕ್ಕೆ ಹಳೇ ಸಾಕ್ಸ್ ಸುತ್ತಿ ಹೊಲಿದಿದ್ದೇನೆ. ಜೋರು ಮಳೆ ಇಡೀ ರಾತ್ರಿ ಹೊಡೆದರೆ ಸ್ವಲ್ಪ ನೀರು ಇಳಿಯುತ್ತದೆ, ಬಿಸಿಲು ಬಂದರೆ ಹಾಗೇ ಒಣಗುತ್ತದೆ. ತೊಂದರೆ ಏನೆಂದರೆ ಭಾರ ಮತ್ತು ಗಾತ್ರ. ನೆನೆದ ಮೇಲೆ ಬಿಚ್ಚಿ ಮಡಿಸಿದರೆ ಬೂಸ್ಟು ಹಿಡಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಮಡಿಸುವುದರಲ್ಲಿದೆ. ಅಭ್ಯಾಸಬಲದಿಂದ ಎಲ್ಲರೂ ಕವರನ್ನು ಒಂದು ಕಡೆಯಿಂದ ಎಳೆದು ನೆಲಕ್ಕೆ ಬೀಳಿಸಿ ಉಂಡೆ ಮಾಡುತ್ತೇವೆ, ನೆಲದ ಧೂಳು ಆ ಮೆತ್ತನೆಯ ಒಳಪದರಕ್ಕೆ ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದೇ ಇಲ್ಲ. ಒಂದು ಸಲ ಬಿಳಿ ಕರ್ಚೀಫಿನಿಂದ ಒಳಮೈ ಒರೆಸಿ ನೋಡಿದೆ, ಕರ್ಚೀಫು ಬೂದಿ ಬಣ್ಣಕ್ಕೆ ಬಂತು. ಈಗ ಮಗಳು ಆ ಕಡೆ, ನಾನು ಈ ಕಡೆ ನಿಂತು ಪಕ್ಕದ ಅಂಚನ್ನು ರೂಫ್ ಮೇಲಕ್ಕೆ ಎತ್ತುತ್ತೇವೆ, ಉದ್ದಕ್ಕೆ ಪಟ್ಟಿ ಆದ ಮೇಲೆ ಬಾನೆಟ್ ಕಡೆಯಿಂದ ಎತ್ತಿ ಹಿಡಿದು ಚಾಪೆ ಹಾಗೆ ಸುತ್ತುತ್ತಾ ಡಿಕ್ಕಿಗೆ ಬರುತ್ತೇವೆ. ಕಾರಿನ ಮೇಲೆ ಎಲ್ಲೂ ಎಳೆಯುವುದಿಲ್ಲ. "ಅಪ್ಪಾ, ತುದಿ ನೆಲಕ್ಕೆ ತಾಗಿತು" ಅಂತ ಅವಳೇ ಎಚ್ಚರಿಸುತ್ತಾಳೆ. ಹಾಕುವಾಗ ಡಿಕ್ಕಿಯಿಂದ ಶುರು ಮಾಡಿ ಬಿಚ್ಚುತ್ತಾ ಹೋದರಾಯಿತು. ತಿಂಗಳಿಗೊಮ್ಮೆ ಬಕೆಟ್‌ನಲ್ಲಿ ಸ್ವಲ್ಪ ಶಾಂಪೂ ಹಾಕಿ ಒಳಮೈ ತೊಳೆದು ಹಗ್ಗದ ಮೇಲೆ ಒಣಗಿಸುತ್ತೇನೆ.

ನಾಲ್ಕನೆಯದು ಹತ್ತಿಯ ಫ್ಲಾನೆಲ್ ಬಟ್ಟೆಯದು. ಸೀಟ್ ಕವರ್ ಹೊಲಿಯುವವರ ಹತ್ತಿರ ಅಳತೆ ಕೊಟ್ಟು ಹೊಲಿಸಿದ್ದು. ಮೈಸೂರಿನಲ್ಲಿ ಅತ್ತೆ ಮನೆಯ ಶೆಡ್ಡಿನೊಳಗೆ ಮೂರು ವಾರ ಕಾರು ನಿಲ್ಲಿಸುವುದಿತ್ತು. ಹೊಸ ಬಟ್ಟೆಯ ಗಂಜಿ ಹೋಗಲಿ ಅಂತ ಎರಡು ಸಲ ಒಗೆದು ಹಾಕಿದೆ. ಪೇಂಟಿಗೆ ಇದಕ್ಕಿಂತ ಹಿತವಾದದ್ದು ಯಾವುದೂ ಇಲ್ಲ, ಟಾರ್ಚ್ ಹಿಡಿದರೆ ಒಂದು ಹೊಸ ಗೀರೂ ಸಿಗಲಿಲ್ಲ. ಆದರೆ ಇದು ಮನೆಯೊಳಗಿನ ವಸ್ತು. ಮಳೆಗೆ ಸಿಕ್ಕರೆ ಒದ್ದೆ ಕಂಬಳಿ ಹೊದಿಸಿದಂತೆ ಆಗುತ್ತದೆ.

ಇನ್ನು ಏನೂ ಹಾಕದ ಮೂರು ತಿಂಗಳು. ಯುಗಾದಿ ಆಚೀಚೆ, ಹೊಂಗೆ ಹೂವು ಬೆಳಿಗ್ಗೆ ಎದ್ದರೆ ಬಾನೆಟ್ ತುಂಬ ಬಿದ್ದಿರುತ್ತಿತ್ತು. ಕಾಗೆ ಹಿಕ್ಕೆ ಹಾಕಿದರೆ ಒಣ ಬಟ್ಟೆಯಲ್ಲಿ ಉಜ್ಜುತ್ತಿರಲಿಲ್ಲ, ಒದ್ದೆ ಬಟ್ಟೆ ಐದು ನಿಮಿಷ ಅದರ ಮೇಲೆ ಇಟ್ಟು ನೆನೆಸಿ ಎತ್ತುತ್ತಿದ್ದೆ. ಬಿಸಿಲಿಗೆ ಒಂದು ದಿನ ಬಿಟ್ಟರೆ ಅದು ಪೇಂಟನ್ನು ತಿನ್ನುತ್ತದೆ, ಹಾಗಾಗಿ ದಿನಾ ಒಂದು ಸುತ್ತು ಹಾಕಿ ನೋಡಲೇಬೇಕು. ವಾರಕ್ಕೊಮ್ಮೆ ಮೊದಲು ಬರೀ ನೀರು ಹೊಡೆದು ಧೂಳು ಇಳಿಸಿ, ಆಮೇಲೆ ಶಾಂಪೂ, ಕೊನೆಗೆ ಮೈಕ್ರೋಫೈಬರ್ ಬಟ್ಟೆ. ಮೂರು ತಿಂಗಳಾದ ಮೇಲೆ ಟಾರ್ಚ್ ಹಿಡಿದರೆ, ಬೆಳ್ಳಿ ಕವರ್ ಹಾಕುತ್ತಿದ್ದ ಕಾಲಕ್ಕಿಂತ ಹೊಸ ಗೀರು ಎಷ್ಟೋ ಕಡಿಮೆ! ದಿನಾ ಓಡಿಸುವ ಕಾರಿನ ಮೇಲೆ ಸಂಜೆ ಹೇಗೂ ಧೂಳು ಇರುತ್ತದೆ, ದಿನಾ ತೊಳೆಯಲು ಆಗುವುದಿಲ್ಲ, ಅದರ ಮೇಲೆ ಯಾವ ಕವರ್ ಹಾಕಿದರೂ ದಿನಾ ಎರಡು ಸಲ ಉಜ್ಜಿದಂತೆ ಅಲ್ವಾ?

ಹಾಗಾಗಿ ಈಗ ದಿನನಿತ್ಯ ಕವರ್ ಹಾಕುವುದಿಲ್ಲ. ಮೂರು ದಿನಕ್ಕಿಂತ ಜಾಸ್ತಿ ನಿಲ್ಲುವುದಿದ್ದರೆ ಮಾತ್ರ, ತೊಳೆದು, ಪೂರ್ತಿ ಒಣಗಿಸಿ, ಎಂಜಿನ್ ತಣ್ಣಗಾದ ಮೇಲೆ ಮೂರು ಪದರದ್ದು ಹಾಕುತ್ತೇನೆ. ಅದನ್ನು ಹಳೇ ದಿಂಬಿನ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಎದುರು ಮನೆಯ ಗೃಹಪ್ರವೇಶ ದೀಪಾವಳಿ ಹೊತ್ತಿಗೆ ಅಂತೆ. ಆ ಎಂ-ಸ್ಯಾಂಡ್ ಗುಡ್ಡೆ ಎತ್ತುವವರೆಗೂ ನಮ್ಮ ಮನೆ ಮುಂದೆ ಮಾತ್ರ ಅದನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ.