ಫಿಂಚ್ ಹಕ್ಕಿಗಳನ್ನು ಮನೆಗೆ ತರುವ ಮೊದಲು ಇದನ್ನು ಓದಿ

ಯಾರಾದರೂ "ನಮ್ಮ ಹಕ್ಕಿ ಸಾಕ್ತೀರಾ?" ಎಂದು ಕೇಳಿದರೆ, ದಯವಿಟ್ಟು ಆ ಪಂಜರವನ್ನು ನಿಮ್ಮ ಹಕ್ಕಿಗಳ ಪಕ್ಕ ಇಡಬೇಡಿ. ನಾನು ಇಟ್ಟೆ. ನಾಲ್ಕು ವರ್ಷ ಸಾಕಿದ ಜೋಡಿಯನ್ನು ಕಳೆದುಕೊಂಡೆ.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಕಳೆದ ವರ್ಷ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹೊಡೆಯುತ್ತಿದ್ದಾಗ ಪರಿಚಯದ ಹೋಂಸ್ಟೇಯವರು ಫೋನ್ ಮಾಡಿದರು. "ಅಕ್ಕ, ಏಳು ಜೀಬ್ರಾ ಫಿಂಚ್ ಇದಾವೆ. ನೋಡ್ಕೊಳ್ಳೋಕೆ ಜನ ಇಲ್ಲ, ತಗೊಂಡು ಹೋಗ್ತೀರಾ?" ಹೋದೆ.

ಪಂಜರ ಸೌದೆ ಕೊಟ್ಟಿಗೆಯ ಮೂಲೆಯಲ್ಲಿತ್ತು. ಕಾಳಿನ ಬಟ್ಟಲು ತುಂಬಿತ್ತು. ಒಮ್ಮೆ ಊದಿದೆ. ಮೇಲಿದ್ದದ್ದೆಲ್ಲ ನವಣೆ ಹೊಟ್ಟು, ಹಾರಿಹೋಯಿತು. ತಳದಲ್ಲಿ ಬೂಸ್ಟು ಹಿಡಿದ ನಾಲ್ಕು ಕಾಳು. ಫಿಂಚ್ ಕಾಳು ಸುಲಿದು ತಿಂದು ಸಿಪ್ಪೆಯನ್ನು ಅಲ್ಲೇ ಬಿಡುತ್ತದೆ. ಗೊತ್ತಿಲ್ಲದವರಿಗೆ ಬಟ್ಟಲು ತುಂಬಿದೆ ಅಂತಲೇ ಕಾಣುತ್ತದೆ. ಸುಮಾರು 12 ಗ್ರಾಂ ತೂಗುವ ಜೀವ, ಒಂದು ದಿನ ಉಪವಾಸ ಬಿದ್ದರೂ ಕಷ್ಟ. ಒಂದನ್ನು ಕೈಗೆ ತಗೊಂಡೆ. ಎದೆಮೂಳೆ ಚಾಕುವಿನ ಅಂಚಿನ ಹಾಗೆ ಬೆರಳಿಗೆ ತಾಗಿತು. ಇನ್ನೊಂದರ ಕಾಲಿಗೆ ಗೂಡಿನ ನಾರು ಸುತ್ತಿ ಬೆರಳು ಕಪ್ಪಾಗಿತ್ತು.

ಇವು ಆಸ್ಟ್ರೇಲಿಯಾದ ಒಣ ನೆಲದ ಹಕ್ಕಿಗಳು. ನಮ್ಮ ಮಳೆಗಾಲದ ಥಂಡಿ ಅವಕ್ಕೆ ಆಗುವುದಿಲ್ಲ. ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. ಯುಪಿಎಸ್‌ಗೆ ಹಾಕಿದ 40 ವ್ಯಾಟ್ ಬಲ್ಬು ಇದ್ದದ್ದು ನನ್ನ ಹಕ್ಕಿಗಳ ಕೋಣೆಯಲ್ಲಿ ಮಾತ್ರ. ಬೆಚ್ಚಗಿರಲಿ ಅಂತ ಅಲ್ಲೇ ಇಟ್ಟೆ. ತಪ್ಪಾದದ್ದು ಅಲ್ಲೇ.

ಎರಡು ವಾರ ಕಳೆದ ಮೇಲೆ, ಒಂದು ರಾತ್ರಿ ದೀಪ ಆರಿಸಿದಾಗ ಸಣ್ಣಗೆ ಟಿಕ್ ಟಿಕ್ ಎಂದು ಕೇಳಿಸಿತು. ಗಡಿಯಾರ ಅಂದುಕೊಂಡೆ. ಹತ್ತಿರ ಹೋದರೆ, ನನ್ನ ಹಳೆಯ ಗಂಡು ಹಕ್ಕಿ ಕೊಕ್ಕು ತೆರೆದು ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಮರುದಿನ ಮೈಸೂರಿಗೆ ಒಯ್ದೆ. ಏರ್‌ಸ್ಯಾಕ್ ಮೈಟ್ ಅಂದರು ಡಾಕ್ಟರ್. ಉಸಿರಿನ ಕೊಳವೆಯೊಳಗೆ ಸೇರಿಕೊಳ್ಳುವ ನುಸಿ. ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಗಂಡು ಆ ವಾರವೇ ಹೋಯಿತು, ಹೆಣ್ಣು ಅದರ ಹಿಂದೆಯೇ. ತಂದ ಏಳರಲ್ಲಿ ಉಳಿದದ್ದು ನಾಲ್ಕು.

ಔಷಧಿ ಇದೆ, ಐವರ್‌ಮೆಕ್ಟಿನ್. ಆದರೆ ಹಸುವಿಗೆ ತಂದ ಬಾಟಲಿಯಿಂದ ಒಂದು ಹನಿ ಹಾಕಿಬಿಡಿ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ನನಗೂ ಹಾಗೆ ಹೇಳಿದ್ದರು. ಅದು ಹಸುವಿನ 50 ಕಿಲೋ ತೂಕಕ್ಕೆ 1 ಮಿ.ಲೀ. ಲೆಕ್ಕದ ಔಷಧಿ. ಅದರ ಒಂದೇ ಹನಿ ಈ ಹಕ್ಕಿಗೆ ಎಷ್ಟು ಜಾಸ್ತಿ ಆಗುತ್ತದೆ, ನೀವೇ ಯೋಚಿಸಿ. ಹಕ್ಕಿಯನ್ನು ತೂಗಿ, ಡಾಕ್ಟರ್ ತೆಳು ಮಾಡಿ ಕೊಟ್ಟದ್ದನ್ನೇ ಕುತ್ತಿಗೆಯ ಚರ್ಮಕ್ಕೆ ಹಾಕಬೇಕು.

ಈಗ ನಾನು ಹೊಸ ಹಕ್ಕಿಗಳನ್ನು ಒಂದು ತಿಂಗಳಾದರೂ ಬೇರೆ ಕೋಣೆಯಲ್ಲಿ ಇಡುತ್ತೇನೆ. ಅವಕ್ಕೆ ಬೇರೆ ಬಲ್ಬು, ಬೇರೆ ಬಟ್ಟಲು. ಹಳೆಯವಕ್ಕೆ ನೀರು ಕೊಟ್ಟಾದ ಮೇಲೆಯೇ ಹೊಸವುಗಳ ಹತ್ತಿರ ಹೋಗುವುದು. ದಿನಾ ರಾತ್ರಿ ದೀಪ ಆರಿಸಿ ಐದು ನಿಮಿಷ ಸುಮ್ನೆ ನಿಂತು ಕೇಳುತ್ತೇನೆ. ಬೇರೆ ಕೋಣೆ ಇಲ್ಲದಿದ್ದರೆ "ಆಗಲ್ಲ" ಅಂದುಬಿಡಿ, ಬೇಜಾರಾದರೂ ಪರವಾಗಿಲ್ಲ.

ಹೋಂಸ್ಟೇ ನಡೆಸುವವರಲ್ಲೂ ಒಂದು ಬೇಡಿಕೆ. ಹಕ್ಕಿ ಕೊಡುವುದಾದರೆ ಮೇ ತಿಂಗಳಲ್ಲೇ ಹೇಳಿ. ಬಿಸಿಲು ಇರುತ್ತದೆ, ಮೈಸೂರಿನ ದಾರಿಯೂ ಸಲೀಸು, ಅವು ಚೇತರಿಸಿಕೊಳ್ಳೋಕೆ ಮಳೆಗೆ ಮುಂಚೆ ಒಂದಿಷ್ಟು ದಿನ ಸಿಗುತ್ತದೆ.