ಹೈಲ್ಯಾಂಡರ್ ಹೈಬ್ರಿಡ್‌ಗೆ ಟ್ರೇಲರ್ ಕಟ್ಕೊಂಡು ಮೂರು ವರ್ಷ: ಎಳೆಯೋದು ಸುಲಭ, ಹೊರೋದೇ ಕಷ್ಟ

ಮೊದ್ಲೇ ಹೇಳ್ಬಿಡ್ತೀನಿ, ಗಾಡಿ ಬಗ್ಗೆ ನಂಗೆ ದೂರಿಲ್ಲ. ಆದ್ರೆ ಇವತ್ತು ಮತ್ತೆ ಕೊಳ್ಳೋಕೆ ಹೋದ್ರೆ ಇದನ್ನೇ ತಗೊಳ್ತೀಯಾ ಅಂದ್ರೆ ಬಹುಶಃ ಇಲ್ಲ. ಯಾಕೆ ಅಂತ ಓದ್ತಾ ಹೋದ್ರೆ ಗೊತ್ತಾಗುತ್ತೆ.

ನಮ್ದು 2022ರ ಟೊಯೋಟಾ ಹೈಲ್ಯಾಂಡರ್ ಹೈಬ್ರಿಡ್, ಆಲ್ ವೀಲ್ ಡ್ರೈವ್. ಇರೋದು ಕ್ಯಾಲಿಫೋರ್ನಿಯಾದ ಫಾಲ್ಸಮ್‌ನಲ್ಲಿ. ವಾರವಿಡೀ ಆಫೀಸು, ಸ್ಕೂಲು, ಇಂಡಿಯನ್ ಅಂಗಡಿ, ಬೇಸಿಗೆ ಬಂತು ಅಂದ್ರೆ ಹಿಂದೆ ಒಂದು ಪುಟ್ಟ ಕ್ಯಾಂಪಿಂಗ್ ಟ್ರೇಲರ್ ಕಟ್ಕೊಂಡು ಟಾಹೋ ಕಡೆ ಬೆಟ್ಟ ಹತ್ತೋದು. ಇಲ್ಲಿ ನಮ್ಮ ಕನ್ನಡದವರ ಗ್ರೂಪ್‌ಗಳಲ್ಲಿ "ಹೈಬ್ರಿಡ್ ಎಸ್‌ಯುವಿಲಿ ಟ್ರೇಲರ್ ಎಳೀಬಹುದಾ" ಅಂತ ಯಾರಾದ್ರೂ ಕೇಳ್ತಾನೇ ಇರ್ತಾರೆ, ಅರ್ಧ ಜನ ಆಗಲ್ಲ ಅಂತಾರೆ, ಇನ್ನರ್ಧ ಜನ ಆರಾಮ್ ಆಗುತ್ತೆ ಅಂತಾರೆ, ಇಬ್ರೂ ಎಳೆದಿರಲ್ಲ. ಅದಕ್ಕೇ ಇಷ್ಟುದ್ದ ಬರೀತಿರೋದು.

ಟ್ರೇಲರ್ ಇಲ್ದೇ ಇದ್ದಾಗ ಹೇಗೆ ಅನ್ನೋದನ್ನ ಬೇಗ ಮುಗಿಸ್ತೀನಿ. ಕಂಪನಿ ಲೆಕ್ಕದಲ್ಲಿ ಗ್ಯಾಲನ್‌ಗೆ 35 ಮೈಲಿ, ನಮಗೂ ಅದರ ಆಸುಪಾಸೇ ಬರ್ತಿದೆ, ಊರೊಳಗೆ ನಿಧಾನಕ್ಕೆ ಓಡಿಸಿದ್ರೆ ಇನ್ನೊಂದೆರಡು ಜಾಸ್ತಿ, ಫ್ರೀವೇಲಿ ಒತ್ತಿದ್ರೆ ಕಮ್ಮಿ. ಮಾಮೂಲಿ ಪೆಟ್ರೋಲ್ ಕಾರಿಗೆ ಉಲ್ಟಾ. ನಾವು ತಗೊಂಡ ವರ್ಷ ಬೇಸಿಗೇಲಿ ಇಲ್ಲಿ ಗ್ಯಾಲನ್ 6 ಡಾಲರ್ ದಾಟಿತ್ತು, ಆಗ ಇದರ ಬೆಲೆ ಗೊತ್ತಾಯ್ತು. ಬೆಂಗಳೂರಲ್ಲಿ ನನ್ ಭಾವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಇಟ್ಕೊಂಡಿದಾರೆ, ಅಲ್ಲೇ ಬಿಡದಿ ಫ್ಯಾಕ್ಟರೀದು, ಫೋನ್ ಮಾಡ್ದಾಗೆಲ್ಲ "ನಿಮ್ದು ಲೀಟರ್‌ಗೆ 15 ಕೂಡ ಬರಲ್ಲ, ನಮ್ದು ಪೇಪರ್ ಮೇಲೆ 23" ಅಂತ ಕಿಚಾಯಿಸ್ತಾರೆ. ಟೆಸ್ಟ್ ಮಾಡೋ ವಿಧಾನಾನೇ ಬೇರೆ ಭಾವ, ಇಂಜಿನ್ನೂ ದೊಡ್ಡದು ನಮ್ದು, ಅಂದ್ರೆ ಕೇಳ್ಬೇಕಲ್ಲ.

ಈಗ ಎಳೆಯೋ ವಿಷ್ಯ. ಈ ಗಾಡಿಗೆ ಕಂಪನಿ ಕೊಟ್ಟಿರೋ ಮಿತಿ 3,500 ಪೌಂಡ್. ಅದೇ ವರ್ಷದ ವಿ6 ಪೆಟ್ರೋಲ್ ಹೈಲ್ಯಾಂಡರ್ 5,000 ಎಳೆಯುತ್ತೆ. ನಮ್ ಟ್ರೇಲರ್ ಎಲ್ಲಾ ತುಂಬಿಸಿದ ಮೇಲೆ ಸುಮಾರು 2,200. ಬ್ರೋಷರ್‌ನಲ್ಲಿ ಇದಕ್ಕಿಂತ ತುಂಬಾ ಕಮ್ಮಿ ಹಾಕಿರ್ತಾರೆ, ಅದು ಖಾಲಿ ತೂಕ, ಅದರಲ್ಲಿ ನೀರಿಲ್ಲ ಗ್ಯಾಸ್ ಇಲ್ಲ ಹಾಸಿಗೆ ಪಾತ್ರೆ ಏನೂ ಇಲ್ಲ. ನೀರು ಗ್ಯಾಲನ್‌ಗೆ 8.3 ಪೌಂಡ್, 20 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ ಹತ್ತಿರ ಹತ್ತಿರ ಒಬ್ಬ ದೊಡ್ಡ ಮನುಷ್ಯನ ತೂಕ ಸೇರ್ಕೊಳ್ತು. ಹಾಗಾಗಿ ಕ್ಯಾಂಪ್‌ಗ್ರೌಂಡ್‌ನಲ್ಲಿ ನೀರು ಸಿಗುತ್ತೆ ಅಂದ್ರೆ ನಾವು ಖಾಲಿ ಟ್ಯಾಂಕ್ ಇಟ್ಕೊಂಡೇ ಹೋಗೋದು.

ಸರಿ, 3,500ರಲ್ಲಿ 2,200 ಅಂದ್ರೆ ಬೇಕಾದಷ್ಟು ಜಾಗ ಇದೆ ಅನ್ಸುತ್ತೆ ಅಲ್ವಾ? ಡೀಲರೂ ಹಾಗೇ ಹೇಳಿದ್ದು. ಆದ್ರೆ ಡ್ರೈವರ್ ಡೋರ್ ತೆಗೆದು ಆ ಕಂಬದ ಮೇಲೆ ನೋಡಿ, ಹಳದಿ ಬಿಳಿ ಸ್ಟಿಕ್ಕರ್ ಇರುತ್ತೆ, ಜನ ಮತ್ತೆ ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ. ಅದೇ ಪೇಲೋಡ್. ನಮ್ ಗಾಡೀಲಿ ಅದು 1,400ರ ಹತ್ತಿರ. ಟ್ರೇಲರ್‌ನ ಮೂಗು ಹಿಚ್ (ಗಾಡಿ ಹಿಂದೆ ಹಾಕಿಸೋ ಕೊಂಡಿ) ಮೇಲೆ ಕೂರುತ್ತಲ್ಲ, ಆ ಭಾರ, ಇಲ್ಲಿಯವರು ಟಂಗ್ ವೇಟ್ ಅಂತಾರೆ, ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಇರ್ಬೇಕು, ಕಮ್ಮಿ ಆದ್ರೆ ಟ್ರೇಲರ್ ಹಿಂದೆ ಓಲಾಡೋಕೆ ಶುರು ಮಾಡುತ್ತೆ. ಈ ಭಾರ ಪೂರ್ತಿ ಪೇಲೋಡ್ ಲೆಕ್ಕಕ್ಕೇ ಬರೋದು. ಅಂದ್ರೆ ಗಾಡಿ ತಲೆ ಮೇಲೆ ಮೂಟೆ ಹೊತ್ಕೊಂಡು ಬಂಡೀನೂ ಎಳೀಬೇಕು.

ಈಗ ಕೂಡಿಸಿ. ಟಂಗ್ ವೇಟ್ 260 ಚಿಲ್ಲರೆ, ಹಿಚ್‌ನ ಕಬ್ಬಿಣ 45, ನಾವಿಬ್ರು ಇಬ್ರು ಮಕ್ಕಳು 480, ಊರಿಂದ ಅತ್ತೆ ಮಾವ ಬಂದಿದ್ರೆ ಇನ್ನೊಂದು 300, ಹಿಂದೆ ಕೂಲರ್ರು, ಟೆಂಟು, ಕುಕ್ಕರ್ರು, ಅತ್ತೆಯವರ ಅವಲಕ್ಕಿ ಡಬ್ಬಿ ಇತ್ಯಾದಿ 250. ಹೆಚ್ಚು ಕಮ್ಮಿ 1,340 ಆಯ್ತು. ಎಳೆಯೋ ಮಿತೀಲಿ ಸಾವಿರದ ಮುನ್ನೂರು ಪೌಂಡ್ ಬಾಕಿ ಇದೆ, ಹೊರೋ ಮಿತೀಲಿ ಅರವತ್ತು. ಚಾವಣಿ ಮೇಲೆ ಒಂದು ಬಾಕ್ಸ್ ಹಾಕಿದ್ರೆ ಅದೂ ಮುಗೀತು. ಈ ಲೆಕ್ಕ ಯಾವ ಸೇಲ್ಸ್‌ನವರೂ ಮಾಡಿ ತೋರಿಸಲ್ಲ. ನಮ್ ಥರ ಏಳು ಸೀಟು ಇದೆ ಅಂತ ಏಳು ಜನ ಕೂರಿಸ್ಕೊಂಡು ಹೋಗೋ ಮನೆಗಳಿಗೆ ಇದು ತುಂಬಾ ಮುಖ್ಯ. ಅನುಮಾನ ಇದ್ರೆ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ತೂಕದ ಕಟ್ಟೆ ಇರುತ್ತೆ, ಟ್ರೇಲರ್ ಸಮೇತ ಹತ್ತಿಸಿದ್ರೆ ಒಂದೊಂದು ಆಕ್ಸಲ್ ಮೇಲೆ ಎಷ್ಟಿದೆ ಅಂತ ಚೀಟಿ ಕೊಡ್ತಾರೆ, ದುಡ್ಡೂ ಜಾಸ್ತಿ ಇಲ್ಲ.

ಬೆಟ್ಟ ಹತ್ತೋದು ಹೇಗೆ? ಹೈವೇ 50ರಲ್ಲಿ ನಮ್ಮೂರಿಂದ ಎಕೋ ಸಮಿಟ್ ಅನ್ನೋ ಘಾಟಿ ತುದಿಗೆ ಹೋಗೋಷ್ಟರಲ್ಲಿ ಸಮುದ್ರಮಟ್ಟದಿಂದ 7,382 ಅಡಿ ಎತ್ತರ. ಹತ್ತುತ್ತೆ, ಆದ್ರೆ ಸದ್ದು ಮಾಡ್ಕೊಂಡು ಹತ್ತುತ್ತೆ. ಇದರಲ್ಲಿರೋ ಇ-ಸಿವಿಟಿ ಅನ್ನೋ ಹೈಬ್ರಿಡ್ ಗೇರ್‌ಬಾಕ್ಸ್‌ಲಿ ಬೆಲ್ಟ್ ಇಲ್ಲ, ಒಂದು ಪ್ಲಾನೆಟರಿ ಗೇರು, ಎರಡು ಮೋಟರು, ಗೇರ್ ಬದಲಾಯ್ಸೋದು ಅಂತಾನೇ ಇಲ್ಲ, ಹಾಗಾಗಿ ಭಾರ ಬಿದ್ದಾಗ ಇಂಜಿನ್ ಒಂದೇ ಸ್ವರದಲ್ಲಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತೆ. ಮೊದಲ ಸಲ ಕೇಳಿದವರಿಗೆ ಗಾಬರಿ ಆಗುತ್ತೆ, ಅದಕ್ಕೇನೂ ಆಗಿರಲ್ಲ. ತಿಳ್ಕೋಬೇಕಾದ್ದು ಏನಂದ್ರೆ ಒಟ್ಟು 243 ಹಾರ್ಸ್‌ಪವರ್ ಅಂತ ಹೇಳ್ತಾರಲ್ಲ, ಅದರಲ್ಲಿ ಬ್ಯಾಟರಿ ಪಾಲೂ ಸೇರಿದೆ, ಬ್ಯಾಟರಿ ಎರಡು ಯೂನಿಟ್ ಕರೆಂಟ್ ಕೂಡ ಹಿಡಿಯದ ಪುಟ್ಟದು, ಉದ್ದದ ಏರಲ್ಲಿ ಅದು ಖಾಲಿ ಆದ್ಮೇಲೆ ಉಳಿಯೋದು 186 ಹಾರ್ಸ್‌ಪವರ್‌ನ 2.5 ಲೀಟರ್ ಇಂಜಿನ್ ಒಂದೇ, ಅದಕ್ಕೂ ಟರ್ಬೊ ಇಲ್ಲ, ಮೇಲೆ ಗಾಳಿ ತೆಳು ಅಂತ ಇನ್ನಷ್ಟು ಕಮ್ಮಿ. ಬಲಗಡೆ ಲೇನ್ ಹಿಡ್ಕೊಂಡು ಲಾರಿಗಳ ಜೊತೆ ಹೋಗಿ. ಹೇಗೂ ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯೋ ಗಾಡಿಗೆ 55 ಮೈಲಿಯೇ ಮಿತಿ. ಮೈಲೇಜು ಆಗ 20ರ ಆಸುಪಾಸಿಗೆ ಬಂದ್ಬಿಡುತ್ತೆ. ತೂಕಕ್ಕಿಂತ ಟ್ರೇಲರ್‌ನ ಅಗಲ ಎತ್ತರ ಗಾಳಿಗೆ ಅಡ್ಡ ನಿಲ್ಲೋದೇ ಅದಕ್ಕೆ ದೊಡ್ಡ ಕಾರಣ.

ಇಳಿಯೋದು ಇನ್ನೂ ಸ್ವಾರಸ್ಯ. ಮೊದಲ ಸಲ ಸಮಿಟ್‌ನಿಂದ ವಾಪಸ್ ಇಳೀತಿದ್ವಿ, ಮೀಟರ್‌ನ ಮುಳ್ಳು ಚಾರ್ಜ್ ಕಡೆ ಆರಾಮಾಗಿ ಮಲಗಿತ್ತು, ಬ್ಯಾಟರಿ ಗೆರೆಗಳು ಒಂದೊಂದೇ ತುಂಬ್ತಾ ಬಂದ್ವು. ಪೂರ್ತಿ ತುಂಬಿದ್ದೇ ತಡ ಇಂಜಿನ್ ಇದ್ದಕ್ಕಿದ್ದಂಗೆ ಹುಯ್ ಅಂತ ಕೂಗೋಕೆ ಶುರು. ಪಕ್ಕದಲ್ಲಿ ತೂಕಡಿಸ್ತಿದ್ದ ನಮ್ಮನೆಯವರು ಬೆಚ್ಚಿಬಿದ್ದು "ಇಳಿಜಾರಲ್ಲಿ ಯಾಕೆ ಇಷ್ಟು ರೇಸ್ ಮಾಡ್ತಿದೀಯ" ಅಂದ್ರು. ನನ್ ಕಾಲು ಬ್ರೇಕ್ ಮೇಲಿತ್ತು. ವಿಷ್ಯ ಇಷ್ಟೇ: ಬ್ಯಾಟರೀಲಿ ಜಾಗ ಇಲ್ದಾಗ ಇಳಿಜಾರಿನ ಶಕ್ತೀನ ಎಲ್ಲಾದ್ರೂ ಕಳೀಬೇಕಲ್ಲ, ಅದಕ್ಕೆ ಮೋಟರ್ ಹೋಗಿ ಇಂಜಿನ್ನನ್ನ ಪೆಟ್ರೋಲ್ ಇಲ್ದೇ ಸುಮ್ನೆ ತಿರುಗಿಸುತ್ತೆ, ಅದೇ ಇಂಜಿನ್ ಬ್ರೇಕಿಂಗ್. ಈಗ ನಾನು ಸಮಿಟ್ ದಾಟಿದ ತಕ್ಷಣ ಗೇರ್ ಲಿವರ್‌ನ ಎಸ್‌ಗೆ ತಂದು ನಂಬರ್ ಇಳಿಸ್ಕೊಂಡ್ ಬಿಡ್ತೀನಿ, ನಂಬರ್ ಕಮ್ಮಿ ಆದಷ್ಟೂ ಇಂಜಿನ್ ಬ್ರೇಕಿಂಗ್ ಜಾಸ್ತಿ, ಬ್ಯಾಟರಿ ತುಂಬೋ ತನಕ ಕಾಯಲ್ಲ, ಬ್ರೇಕ್ ತಣ್ಣಗಿರುತ್ತೆ. ಟ್ರೇಲರ್‌ಗೆ ಅದರದೇ ಎಲೆಕ್ಟ್ರಿಕ್ ಬ್ರೇಕ್ ಇದ್ರೆ ಇನ್ನೂ ನೆಮ್ಮದಿ, ಅದಕ್ಕೆ 7 ಪಿನ್ ಕನೆಕ್ಟರ್ರೂ ಬ್ರೇಕ್ ಕಂಟ್ರೋಲರ್ರೂ ಬೇಕು, ಲೈಟ್‌ಗಷ್ಟೇ ಆದ್ರೆ 4 ಪಿನ್ ಸಾಕು. ನಾವು ಹಿಚ್ ಹಾಕಿಸಿದ ಅಂಗಡಿಯವನು 4 ಪಿನ್ ಹಾಕಿ ಎಲ್ಲಾ ಆಯ್ತು ಅಂತ ಬಿಲ್ ಮಾಡಿದ್ದ, ನಿಲ್ಲಿಸಿ ಮತ್ತೆ ವೈರಿಂಗ್ ಮಾಡಿಸ್ಬೇಕಾಯ್ತು. ಹೇಳುವಾಗಲೇ ಬರೆದು ಕೊಡಿ.

ಕೆಲವು ಸಣ್ಣಪುಟ್ಟ ವಿಷ್ಯ. ಹೊಸ ಗಾಡಿ ಆದ್ರೆ ಮೊದಲ 500 ಮೈಲಿ ಟ್ರೇಲರ್ ಕಟ್ಬೇಡಿ ಅಂತ ಮ್ಯಾನ್ಯುಯಲ್ಲೇ ಹೇಳುತ್ತೆ. ಕ್ರೂಸ್ ಕಂಟ್ರೋಲೂ ಬೇಡ ಅಂತ ಇದೆ. ರಿವರ್ಸ್ ಹಾಕಿದ ಕೂಡ್ಲೇ ಹಿಂದೆ ಏನೋ ಅಡ್ಡ ಇದೆ ಅಂತ ಸೆನ್ಸರ್ ಬೊಬ್ಬೆ ಹಾಕುತ್ತೆ, ಅಡ್ಡ ಇರೋದು ನಿಮ್ದೇ ಟ್ರೇಲರ್ರು, ಪಾರ್ಕಿಂಗ್ ಅಸಿಸ್ಟ್ ಮೊದ್ಲೇ ಆಫ್ ಮಾಡಿ. ರಿವರ್ಸ್ ಮಾಡೋಕೆ ಒಂದು ಉಪಾಯ: ಸ್ಟೀರಿಂಗ್‌ನ ಕೆಳಗಡೆ ಕೈ ಇಟ್ಕೊಳ್ಳಿ, ಟ್ರೇಲರ್ ಹಿಂಭಾಗ ಯಾವ ಕಡೆ ಹೋಗ್ಬೇಕೋ ಆ ಕಡೆ ಕೈ ಸರಿಸಿ, ಅಷ್ಟೇ. ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಒಂದು ಬೆಳಿಗ್ಗೆ ಪ್ರಾಕ್ಟೀಸ್ ಮಾಡಿದ್ರೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಹತ್ತು ಜನ ನೋಡ್ತಿರುವಾಗ ಗಂಡ ಹೆಂಡತಿ ಜಗಳ ತಪ್ಪುತ್ತೆ.

ಮೇಂಟೆನೆನ್ಸ್ ಅಂತ ದೊಡ್ಡದೇನಿಲ್ಲ. ಆಯಿಲ್ 10,000 ಮೈಲಿಗೆ ಅಂತಾರೆ, ಟ್ರೇಲರ್ ಎಳೆಯೋರು 5,000ಕ್ಕೇ ಬದಲಾಯಿಸ್ಬೇಕು, ಅದು ಕಂಪನಿ ಪಟ್ಟೀಲೇ ಇದೆ. ದೊಡ್ಡ ಬ್ಯಾಟರಿ ಬಗ್ಗೆ ಎಲ್ಲರೂ ಹೆದರ್ತಾರೆ, ಅದಕ್ಕೆ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ಇದೆ, ಬಿಡಿ. ಸೀಟ್ ಕೆಳಗೆ ಅದಕ್ಕೆ ಗಾಳಿ ಎಳ್ಕೊಳ್ಳೋ ಜಾಲರಿ ಇದೆ, ಮಕ್ಕಳಿರೋ ಮನೇಲಿ ಮಂಡಕ್ಕಿ ಖಾರ ಎಲ್ಲಾ ಅಲ್ಲಿಗೇ ಸೇರೋದು, ಆಗಾಗ ವ್ಯಾಕ್ಯೂಮ್ ಮಾಡಿ. ನಿಜವಾಗ್ಲೂ ಯೋಚ್ನೆ ಮಾಡ್ಬೇಕಾದ್ದು ಸಣ್ಣ 12 ವೋಲ್ಟ್ ಬ್ಯಾಟರಿ ಬಗ್ಗೆ. ಈ ಗಾಡೀಲಿ ಅದು ಸತ್ರೆ ಕಂಪ್ಯೂಟರ್ ಎದ್ದೇಳಲ್ಲ, ಒಳಗೆ ದೊಡ್ಡ ಬ್ಯಾಟರಿ ತುಂಬಿದ್ರೂ ಪ್ರಯೋಜನ ಇಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋಗೋರು ನಿಧಾನಕ್ಕೆ ಚಾರ್ಜ್ ಮಾಡ್ತಾ ಇರೋ ಒಂದು ಬ್ಯಾಟರಿ ಮೇಂಟೇನರ್ ಹಾಕಿ ಹೋಗಿ, ಇಲ್ಲಾಂದ್ರೆ ಗೆಳೆಯರ ಕೈಲಿ ಕೀ ಕೊಟ್ಟು ಆಗಾಗ ಓಡಿಸೋಕೆ ಹೇಳಿ.

ಕೊಳ್ಳೋರಿಗೆ. ನಾವು ತಗೊಂಡ ಕಾಲದಲ್ಲಿ ಹೈಬ್ರಿಡ್ ಅಂದ್ರೆ ಕ್ಯೂ, ಒಬ್ಬ ಡೀಲರ್ ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಅಂತ ಸ್ಟಿಕ್ಕರ್ ಬೆಲೆ ಮೇಲೆ 5,000 ಡಾಲರ್ ಕೇಳ್ದ, ಇನ್ನೊಬ್ಬ ಟೈರ್‌ಗೆ ನೈಟ್ರೋಜನ್ ತುಂಬಿಸಿ ಅದಕ್ಕೂ ದುಡ್ಡು ಹಾಕಿದ್ದ. ಫೋನ್‌ನಲ್ಲಿ ಮಾತಾಡ್ಬೇಡಿ, ಎಂಟ್ಹತ್ತು ಡೀಲರ್‌ಗಳಿಗೆ ಒಂದೇ ಇಮೇಲ್ ಹಾಕಿ, ಟ್ಯಾಕ್ಸ್ ರಿಜಿಸ್ಟ್ರೇಷನ್ ಎಲ್ಲಾ ಸೇರಿ ಕೊನೇ ಬೆಲೆ ಎಷ್ಟು ಅಂತ ಬರಹದಲ್ಲಿ ಕೇಳಿ. ನಾವು ಸ್ಯಾಕ್ರಮೆಂಟೋ ಬಿಟ್ಟು ದೂರದ ಊರಿಂದ ತಂದ್ವಿ, ಮಾಡಿದ ಒಂದು ದಿನದ ಪ್ರಯಾಣಕ್ಕೆ ಮೋಸ ಆಗ್ಲಿಲ್ಲ.

ಎಳೆಯೋ ಮಿತಿ ಮಾತ್ರ ಹೆಸರು ನೋಡಿ ಊಹೆ ಮಾಡ್ಬೇಡಿ, ಹೈಬ್ರಿಡ್‌ಗಳಲ್ಲಿ ಅದು ಎಲ್ಲೆಲ್ಲೋ ಇರುತ್ತೆ. ಹೋಂಡಾ ಸಿಆರ್-ವಿ ಹೈಬ್ರಿಡ್ 1,000 ಪೌಂಡ್, 2025ರ ತನಕದ ರ‍್ಯಾವ್4 ಹೈಬ್ರಿಡ್ 1,750, ಪ್ಲಗ್ ಹಾಕೋ ರ‍್ಯಾವ್4 ಪ್ರೈಮ್ 2,500, ಕಿಯಾ ಸೊರೆಂಟೊ ಹೈಬ್ರಿಡ್ 2,000. ಬಾಡಿಗೆಗೆ ಟ್ರೇಲರ್ ಕೊಡೋ ಯು-ಹಾಲ್ ಕಂಪನಿಯ 4 ಬೈ 8 ಅಡಿ ಮುಚ್ಚಿದ ಟ್ರೇಲರ್ ಖಾಲೀನೇ 850 ಪೌಂಡ್ ಇರುತ್ತೆ, ಅಂದ್ರೆ ಸಿಆರ್-ವಿ ಹಿಂದೆ ಅದನ್ನ ಕಟ್ಟಿ ಮನೆ ಶಿಫ್ಟ್ ಮಾಡೋ ಆಸೆ ಇದ್ರೆ ಒಂದು ಮಂಚಾನೂ ಹೋಗಲ್ಲ.

ನಮ್ ಮುಂದಿನ ಗಾಡಿ ಬಗ್ಗೆ ಮನೇಲಿ ಎರಡು ಪಕ್ಷ ಆಗಿದೆ. ಇವರಿಗೆ ಗ್ರ್ಯಾಂಡ್ ಹೈಲ್ಯಾಂಡರ್ ಹೈಬ್ರಿಡ್ ಮ್ಯಾಕ್ಸ್ ಬೇಕಂತೆ, 362 ಹಾರ್ಸ್‌ಪವರ್, 5,000 ಪೌಂಡ್ ಎಳೆಯುತ್ತೆ, ಆದ್ರೆ ಮೈಲೇಜು 27, ವರ್ಷದಲ್ಲಿ ಬಹುಪಾಲು ದಿನ ಸ್ಕೂಲ್ ಗೇಟ್ ಮುಂದೆ ನಿಲ್ಲೋ ಗಾಡಿಗೆ ಅದು ನಂಗೆ ಒಪ್ಪಲ್ಲ. ನನ್ ಕಣ್ಣು ಸಿಯೆನ್ನಾ ಮೇಲೆ. ಮಿನಿವ್ಯಾನ್ ಅಂದ್ರೆ ಮೂಗು ಮುರೀತಾರೆ, ಆದ್ರೆ 2021ರಿಂದ ಬರೀ ಹೈಬ್ರಿಡ್ಡೇ ಬರ್ತಿದೆ, ಇದೇ 2.5 ಲೀಟರ್ ಇಂಜಿನ್ನು, ಎಳೆಯೋ ಮಿತಿ ಅದಕ್ಕೂ 3,500, ಮೂರನೇ ಸಾಲಲ್ಲಿ ಮಾವನವರು ಮೊಣಕಾಲು ಎದೆಗೆ ಒತ್ಕೊಂಡು ಕೂರೋದೂ ತಪ್ಪುತ್ತೆ. ನೆಲಕ್ಕೆ ಹತ್ತಿರ ಇರೋದೊಂದೇ ಯೋಚ್ನೆ, ನಾವು ಹೋಗೋ ಕ್ಯಾಂಪ್‌ಗ್ರೌಂಡ್‌ಗಳ ಮಣ್ಣು ರಸ್ತೇಲಿ ಹೊಟ್ಟೆ ಉಜ್ಜುತ್ತಾ ಅಂತ. ಮುಂದಿನ ಶನಿವಾರ ಡೀಲರ್ ಹತ್ರ ಹೋಗಿ ಎರಡರದ್ದೂ ಡೋರ್ ತೆಗೆದು ಸ್ಟಿಕ್ಕರ್ ಫೋಟೋ ತಗೊಂಡು ಬರ್ತೀವಿ, ಒಂದೇ ಮಾಡೆಲ್‌ನಲ್ಲೂ ಸನ್‌ರೂಫು ಅದು ಇದು ಜಾಸ್ತಿ ಇದ್ದಷ್ಟೂ ಪೇಲೋಡ್ ಕಮ್ಮಿ ಆಗುತ್ತೆ, ಹಾಗಾಗಿ ಟಾಪ್ ಟ್ರಿಮ್ ಬೇಡ ಅನ್ನೋದರಲ್ಲಿ ಮಾತ್ರ ಇಬ್ರೂ ಒಂದೇ ಪಕ್ಷ. ಈ ಹೈಲ್ಯಾಂಡರ್ ಹಿಚ್ಚು, 7 ಪಿನ್ ವೈರಿಂಗ್ ಸಮೇತ ಮಾರ್ತೀವಿ, ನಾಲ್ಕು ಜನದ ಮನೆ ಆಗಿದ್ರೆ ಕಣ್ಮುಚ್ಚಿ ತಗೋಬಹುದು.