ಆರ್‌ಸ್ಪ್ಯಾಮ್‌ಡಿ: ಐದು ವರ್ಷ ಬಳಸಿದ ಮೇಲೆ

ನೂರೈವತ್ತರಷ್ಟು ಖಾತೆಗಳಿರುವ ಒಂದು ಮೇಲ್ ಸರ್ವರನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಮೇಲ್ ಕಳುಹಿಸಿ ಸ್ವೀಕರಿಸುವ ಪೋಸ್ಟ್‌ಫಿಕ್ಸ್ ಮತ್ತು ಬಂದ ಮೇಲನ್ನು ಬಳಕೆದಾರರಿಗೆ ಓದಲು ಕೊಡುವ ಡವ್‌ಕಾಟ್ ಮೊದಲಿನಿಂದಲೂ ಇದ್ದವು; ಸ್ಪ್ಯಾಮ್ ಸೋಸಲು ಆರ್‌ಸ್ಪ್ಯಾಮ್‌ಡಿಯನ್ನು ಅಳವಡಿಸಿ ಐದು ವರ್ಷಗಳಾದವು. ಅಳವಡಿಸಿದ ಮೊದಲ ವಾರದಲ್ಲೇ ಇದು ಎಲ್ಲರಿಗೂ ಇಷ್ಟವಾಗುತ್ತದೆ, ನನಗೂ ಆಗಿತ್ತು. ಅದರ ನಿಜವಾದ ಗುಣಾವಗುಣಗಳು ತಿಳಿದದ್ದು ಆಮೇಲೆ, ಬಹುಮಟ್ಟಿಗೆ ನನ್ನದೇ ತಪ್ಪುಗಳಿಂದ.

ಇದು ಪ್ರತಿಯೊಂದು ಮೇಲಿಗೂ ಅಂಕ ಕೊಡುತ್ತದೆ. ಕಳುಹಿಸಿದ ಐಪಿ ವಿಳಾಸ ಸ್ಪ್ಯಾಮ್ ಕಳುಹಿಸುವವರ ಕಪ್ಪುಪಟ್ಟಿಯಲ್ಲಿದೆಯೇ, ಮೇಲ್ ನಿಜವಾಗಿ ಆ ಡೊಮೇನಿನದೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ತಾಳೆಯಾಗುತ್ತವೆಯೇ, ಬಳಸಿದ ಪದಗಳು ಹಿಂದೆ ಕಂಡ ಸ್ಪ್ಯಾಮನ್ನು ಹೋಲುತ್ತವೆಯೇ ಎಂದು ಒಂದೊಂದಾಗಿ ನೋಡಿ ಕೂಡುತ್ತಾ ಕಳೆಯುತ್ತಾ ಹೋಗುತ್ತದೆ. ನಾವೇನೂ ಬದಲಿಸದಿದ್ದರೆ, ಅಂಕ 4 ಮುಟ್ಟಿದ ಮೇಲ್ ಗ್ರೇಲಿಸ್ಟಿಗೆ ಹೋಗುತ್ತದೆ (ಅಂದರೆ ಸ್ವಲ್ಪ ಹೊತ್ತು ತಡೆಯಲ್ಪಡುತ್ತದೆ), 6 ಮುಟ್ಟಿದರೆ ಹೆಡರಿನಲ್ಲಿ ಸ್ಪ್ಯಾಮ್ ಎಂಬ ಗುರುತು ಬೀಳುತ್ತದೆ, 15 ಮುಟ್ಟಿದರೆ ತಿರಸ್ಕಾರವಾಗುತ್ತದೆ. ಪೋಸ್ಟ್‌ಫಿಕ್ಸ್‌ಗೆ ಮಿಲ್ಟರ್ ಎಂಬ ಸೋಸುವ ಕೊಂಡಿಯ ಮೂಲಕ ಜೋಡಿಸಿದಾಗ ಈ ತಿರಸ್ಕಾರ, ಮೇಲನ್ನು ನಾವು ಒಪ್ಪಿಕೊಳ್ಳುವ ಮೊದಲೇ, 554 ಎಂಬ ನಿರಾಕರಣೆಯ ಉತ್ತರದೊಂದಿಗೆ ಬಾಗಿಲಲ್ಲೇ ನಡೆಯುತ್ತದೆ. ಒಳಗೆ ತೆಗೆದುಕೊಂಡು ಆಮೇಲೆ ಬೌನ್ಸ್ ಮಾಡುವ, ಅಂದರೆ ಕಳುಹಿಸಿದವರಿಗೆ ಹಿಂದಿರುಗಿಸುವ, ಹಳೆಯ ಪದ್ಧತಿಯಲ್ಲಿ, ಕಳುಹಿಸಿದವರ ವಿಳಾಸವೇ ನಕಲಿಯಾಗಿದ್ದರೆ ಏನೂ ಅರಿಯದ ಮೂರನೆಯವರ ಮೇಲೆ ನಮ್ಮ ಸರ್ವರೇ ಕಸ ಸುರಿದಂತಾಗುತ್ತಿತ್ತು. ವೇಗದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಚಿಕ್ಕ ಸರ್ವರಿನಲ್ಲೂ ಅದು ಓಡುತ್ತಿದೆ ಎಂಬುದೇ ಮರೆತುಹೋಗುತ್ತದೆ.

ಗ್ರೇಲಿಸ್ಟಿಂಗ್ ಬಗ್ಗೆ ನನಗೆ ಈಗಲೂ ಪೂರ್ತಿ ಸಮಾಧಾನವಿಲ್ಲ. ಅನುಮಾನ ಬಂದ ಮೇಲನ್ನು ಐದು ನಿಮಿಷ ತಡೆದು, ಮತ್ತೆ ಪ್ರಯತ್ನಿಸಿದರೆ ಮಾತ್ರ ಒಳಬಿಡುವ ಈ ಉಪಾಯ, ಎರಡನೇ ಬಾರಿ ಬಾಗಿಲು ತಟ್ಟದ ಸ್ಪ್ಯಾಮ್ ಬಾಟ್‌ಗಳ ವಿರುದ್ಧ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕಳುಹಿಸುವ ಸರ್ವರ್ ಕಾಲು ಗಂಟೆ ಬಿಟ್ಟು ಮರುಪ್ರಯತ್ನ ಮಾಡಿದಾಗ, ಹತ್ತು ನಿಮಿಷಕ್ಕೆ ಮುಗಿಯುವ ಒಟಿಪಿ ತಲುಪಿ ಪ್ರಯೋಜನವೇನು? ಅಂಥ ದೂರು ಬಂದಾಗಲೆಲ್ಲ ಆರ್‌ಸ್ಪ್ಯಾಮ್‌ಡಿಯ ವೆಬ್ ಪುಟದ ಹಿಸ್ಟರಿ ವಿಭಾಗ ತೆರೆದರೆ, ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಬಿತ್ತು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಈ ಪಾರದರ್ಶಕತೆಗಾಗಿಯೇ ನಾನು ಬೇರೆಡೆಗೆ ಹೋಗಿಲ್ಲ.

ಹಿಂದಿನ ಮೇಲುಗಳ ಪದಗಳಿಂದ ಸ್ಪ್ಯಾಮನ್ನು ಗುರುತಿಸಲು ಕಲಿಯುವ ಬೇಯ್ಸ್ ಕಲಿಕೆ ಒಳ್ಳೆಯದೇ, ಆದರೆ ಕಲಿಸುವವರು ಸರಿಯಿರಬೇಕು. ಜಂಕ್ ಫೋಲ್ಡರಿಗೆ ಹಾಕಿದ ಮೇಲನ್ನು ಸ್ಪ್ಯಾಮ್ ಎಂದು ಕಲಿಯುವಂತೆ ನಾನು ಮಾಡಿದ್ದೆ. ನಮ್ಮಲ್ಲೊಬ್ಬರು ಓದಿ ಮುಗಿದ ಸಭೆಯ ನಡಾವಳಿಗಳನ್ನೆಲ್ಲ ಅಳಿಸುವ ಬದಲು ಜಂಕಿಗೆ ತಳ್ಳುತ್ತಿದ್ದರಂತೆ. ಎರಡು ತಿಂಗಳಲ್ಲಿ ಎಲ್ಲರ ನಡಾವಳಿಗಳೂ ಸ್ಪ್ಯಾಮ್ ಆಗಿ ಕುಳಿತವು, ಇಡೀ ಕಲಿಕೆಯನ್ನು ಅಳಿಸಿ ಮೊದಲಿನಿಂದ ಶುರುಮಾಡಬೇಕಾಯಿತು.

ಇನ್ನೊಂದು ಎಡವಟ್ಟು ಡಿಎನ್‌ಎಸ್‌ನದು, ಅಂದರೆ ಹೆಸರುಗಳ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯದು; ಕಪ್ಪುಪಟ್ಟಿಗಳನ್ನು ಕೇಳುವುದೂ ಅದರ ಮೂಲಕವೇ. ಸ್ಪ್ಯಾಮ್‌ಹೌಸ್ ಎಂಬ ಕಪ್ಪುಪಟ್ಟಿ, ನಾನು ಬಳಸುತ್ತಿದ್ದಂಥ ಸಾರ್ವಜನಿಕ ರಿಸಾಲ್ವರ್ (ಎಲ್ಲರ ಡಿಎನ್‌ಎಸ್ ಪ್ರಶ್ನೆಗೂ ಉತ್ತರ ತಂದುಕೊಡುವ ಸರ್ವರ್) ಮೂಲಕ ಬಂದ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದಿಲ್ಲ, 127.255.255.254 ಎಂಬ ದೋಷಸೂಚನೆಯನ್ನು ಹಿಂದಿರುಗಿಸುತ್ತದೆ. ಆರ್‌ಸ್ಪ್ಯಾಮ್‌ಡಿ ಅದನ್ನು ಅರ್ಥಮಾಡಿಕೊಂಡು ಅಂಕ ಸೇರಿಸದೆ ಸುಮ್ಮನಿತ್ತು. ಆದರೆ ಪೋಸ್ಟ್‌ಫಿಕ್ಸ್‌ನಲ್ಲಿ ನಾನು ಮರೆತುಬಿಟ್ಟಿದ್ದ ಹಳೆಯ ಕಪ್ಪುಪಟ್ಟಿಯ ಸಾಲೊಂದು, ಯಾವ ಉತ್ತರ ಬಂದರೂ ಪಟ್ಟಿಯಲ್ಲಿದೆ ಎಂದೇ ತಿಳಿದು, ಒಂದು ಇಡೀ ಬೆಳಗ್ಗೆ ಹೊರಗಿನಿಂದ ಬಂದ ಮೇಲುಗಳನ್ನೆಲ್ಲ ವಾಪಸು ಕಳುಹಿಸಿತು. ಅದೇ ದಿನ ಸರ್ವರಿನಲ್ಲೇ ಅನ್‌ಬೌಂಡ್ ಎಂಬ ಸ್ವಂತ ರಿಸಾಲ್ವರ್ ಹಾಕಿ, ಪ್ರಶ್ನೆಗಳೆಲ್ಲ ಅದರ ಮೂಲಕವೇ ಹೋಗುವಂತೆ ಮಾಡಿ, ಆ ಹಳೆಯ ಸಾಲನ್ನು ತೆಗೆದೆ.

ಇವೆಲ್ಲಕ್ಕಿಂತ ದೊಡ್ಡ ಪಾಠ ಬಂದದ್ದು ಒಳಗಿನಿಂದ. ಮೂರನೇ ವರ್ಷದ ಒಂದು ಸೋಮವಾರ ಮೇಲ್‌ಕ್ಯೂ ನೋಡಿದರೆ ಹೊರಹೋಗಲು ಕಾಯುತ್ತಾ ಹನ್ನೊಂದು ಸಾವಿರ ಮೇಲುಗಳು ಸಾಲುಗಟ್ಟಿ ನಿಂತಿದ್ದವು. ಲಾಗಿನಲ್ಲಿ ಎಲ್ಲದರ ಮುಂದೆಯೂ ಒಂದೇ ಬಳಕೆದಾರ ಹೆಸರು. ಅವರು ಬೇರೊಂದು ತಾಣದಲ್ಲಿ ಬಳಸಿದ್ದ ಪಾಸ್‌ವರ್ಡನ್ನೇ ಇಲ್ಲಿಯೂ ಇಟ್ಟಿದ್ದರು. ಅಲ್ಲಿ ಸೋರಿದ್ದು ಇಲ್ಲಿ ಬಾಗಿಲು ತೆರೆದಿತ್ತು. ಒಳಬರುವುದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಸೋಸುಕ, ಪಾಸ್‌ವರ್ಡ್ ಕೊಟ್ಟು ಬಂದವರನ್ನು ಮನೆಯವರೆಂದೇ ನಂಬಿತ್ತು, ಹಾಗೆ ನಂಬುವಂತೆ ಬಿಟ್ಟವನು ನಾನೇ. ನಮ್ಮ ಐಪಿ ಕಪ್ಪುಪಟ್ಟಿಗೆ ಸೇರಿ, ಅದನ್ನು ತೆಗೆಸಿಕೊಳ್ಳುವಷ್ಟರಲ್ಲಿ ನಾಲ್ಕು ದಿನ ಕಳೆಯಿತು. ಆ ನಾಲ್ಕು ದಿನ ಸಾಚಾ ಪತ್ರಗಳೂ ತಿರುಗಿ ಬಂದವು.

ಅಳವಡಿಸಿದ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಆರ್‌ಸ್ಪ್ಯಾಮ್‌ಡಿಯಲ್ಲೇ ಇರುವ ರೇಟ್‌ಲಿಮಿಟ್ ಸೌಲಭ್ಯದಿಂದ ಒಂದು ಖಾತೆಗೆ ಗಂಟೆಗೆ ನೂರು ಮೇಲುಗಳ ಮಿತಿ ಹಾಕಿದೆ. ತಮ್ಮದಲ್ಲದ ವಿಳಾಸದಿಂದ ಯಾರೂ ಕಳುಹಿಸದಂತೆ ಪೋಸ್ಟ್‌ಫಿಕ್ಸ್‌ನಲ್ಲಿ ತಡೆ ಇಟ್ಟೆ. ಮುನ್ನೂರು ಜನರಿಗೆ ಆಮಂತ್ರಣ ಕಳುಹಿಸಲು ಹೋದವರು ಮಿತಿಗೆ ಸಿಕ್ಕಿ ಬೈದರು, ಅವರಿಗೆ ಬೇರೆ ವ್ಯವಸ್ಥೆ ಮಾಡಿಕೊಟ್ಟೆ. ಆಮೇಲೆ ಇನ್ನೊಂದು ಖಾತೆಯ ಪಾಸ್‌ವರ್ಡ್ ಕಳುವಾದಾಗ ಕಳ್ಳರಿಗೆ ದಕ್ಕಿದ್ದು ಆ ಮೊದಲ ನೂರು ಮಾತ್ರ.

ಆ ಎರಡನೇ ಕಳ್ಳತನದಲ್ಲೇ ಮತ್ತೊಂದು ತಮಾಷೆ ಹೊರಬಿತ್ತು. ದುರ್ಬಳಕೆಯ ದೂರುಗಳಿಗೆಂದು ಪ್ರತಿ ಡೊಮೇನಿನಲ್ಲೂ ಅಬ್ಯೂಸ್ ಎಂಬ ವಿಳಾಸ ಇರಬೇಕೆಂದು 1997ರ ಆರ್‌ಎಫ್‌ಸಿ 2142 ಎಂಬ ಇಂಟರ್ನೆಟ್ ನಿಯಮಪತ್ರ ಹೇಳುತ್ತದೆ, ನಮ್ಮಲ್ಲೂ ಇತ್ತು. ದೂರು ಕೊಡುವವರು ಸಾಕ್ಷಿಗಾಗಿ ಆ ಸ್ಪ್ಯಾಮನ್ನೇ ಲಗತ್ತಿಸುತ್ತಾರೆ. ಸೋಸುಕ ಆ ಲಗತ್ತಿಗೆ ಅಂಕ ಕೊಟ್ಟು ದೂರುಗಳನ್ನೇ ಬಾಗಿಲಲ್ಲಿ ತಿರಸ್ಕರಿಸುತ್ತಿತ್ತು. ಹಿಸ್ಟರಿಯಲ್ಲಿ ಅಂಥ ಏಳು ದೂರುಗಳು ಕೆಂಪು ಬಣ್ಣದಲ್ಲಿ ಸಾಲಾಗಿ ಕುಳಿತಿದ್ದವು. ಈಗ ಆ ವಿಳಾಸಕ್ಕೂ, ಮೇಲ್ ಸರ್ವರ್ ನೋಡಿಕೊಳ್ಳುವವರನ್ನು ತಲುಪುವ ಪೋಸ್ಟ್‌ಮಾಸ್ಟರ್ ವಿಳಾಸಕ್ಕೂ ಸೋಸುವಿಕೆಯಿಂದ ವಿನಾಯಿತಿ ಕೊಟ್ಟಿದ್ದೇನೆ. ಅಲ್ಲಿಗೆ ಬರುವ ಕಸವನ್ನು ದಿನಾ ಕೈಯಿಂದಲೇ ಗುಡಿಸುತ್ತೇನೆ.